ಎಂಟನೆಯ ಸ್ಥಾನದ ಬೆಲೆ

ಆಯ್ಕೆ ಎಂಬುದು ಇದ್ದಲ್ಲಿ ಒಂದು ಗೆರೆ ಎಳೆಯುವುದು ಅನಿವಾರ್ಯ. ಗೆರೆಯ ಮೇಲಿರುವವನಿಗೂ ಕೆಳಗಿರುವವನಿಗೂ ನಡುವೆ ಸಾಮರ್ಥ್ಯದ ಅಂತರ ಕೂದಲೆಳೆಯಷ್ಟಿದ್ದರೂ ಪ್ರತಿಫಲದ ಅಂತರ ಕಂದಕದಷ್ಟಿರುತ್ತದೆ. ಪುರುಷರ ಟೆನಿಸ್‌ನ ವರ್ಷಾಂತ್ಯದ ಪಂದ್ಯಾವಳಿಯಾದ ಎಟಿಪಿ ಫೈನಲ್ಸ್‌ಗೆ 2025ರಲ್ಲಿ ಕೊನೆಯ ಸ್ಥಾನಗಳು ತುಂಬಿದ ಬಗೆ ಈ ಮಾತಿಗೆ ಒಳ್ಳೆಯ ನಿದರ್ಶನ.

ಸಿಂಗಲ್ಸ್ ವಿಭಾಗದಲ್ಲಿ ಅವಕಾಶವಿರುವುದು ಎಂಟು ಮಂದಿಗೆ ಮಾತ್ರ. ವರ್ಷವಿಡೀ ಗಳಿಸಿದ ಅಂಕಗಳ ಆಧಾರದ ಮೇಲೆ ಮೊದಲ ಏಳು ಮಂದಿಗೆ ನೇರ ಪ್ರವೇಶ. ಆ ವರ್ಷದ ಗ್ರ್ಯಾನ್ ಸ್ಲಾಮ್ ವಿಜೇತನೊಬ್ಬ 8ರಿಂದ 20ರೊಳಗಿನ ಸ್ಥಾನದಲ್ಲಿದ್ದರೆ ಉಳಿದ ಸ್ಥಾನ ಅವನದು, ಇಲ್ಲವಾದರೆ ಎಂಟನೆಯವನದು. ಈ ವಿನಾಯಿತಿ ಅರ್ಥಹೀನವಲ್ಲ. ರಷ್ಯಾ ಮತ್ತು ಬೆಲಾರಸ್ ಆಟಗಾರರನ್ನು ನಿಷೇಧಿಸಿದ ಕಾರಣ 2022ರ ವಿಂಬಲ್ಡನ್‌ಗೆ ಅಂಕಗಳನ್ನೇ ನೀಡಿರಲಿಲ್ಲ. ಅಲ್ಲಿ ಗೆದ್ದ ನೊವಾಕ್ ಜೊಕೊವಿಚ್ ಈ ನಿಯಮದಿಂದಲೇ ಟ್ಯೂರಿನ್‌ಗೆ ಬಂದು ಪ್ರಶಸ್ತಿಯನ್ನೂ ಗೆದ್ದರು.

2025ರ ಅಕ್ಟೋಬರ್ ಅಂತ್ಯದಲ್ಲಿ ಪೈಪೋಟಿ ಇಬ್ಬರ ನಡುವೆ ಉಳಿದಿತ್ತು. ಇಟಲಿಯ ಲೊರೆಂಜೊ ಮುಸೆಟ್ಟಿ ಪ್ಯಾರಿಸ್‌ನಲ್ಲಿ ಬೇಗನೆ ಸೋತರು. ಕೆನಡಾದ ಫೆಲಿಕ್ಸ್ ಆಗರ್ ಅಲಿಯಾಸಿಮ್ ಅದೇ ಟೂರ್ನಿಯಲ್ಲಿ ಫೈನಲ್ ತಲುಪಿ ಅವರನ್ನು ಹಿಂದಿಕ್ಕಿದರು. ಮುಸೆಟ್ಟಿಗೆ ಉಳಿದದ್ದು ಒಂದೇ ದಾರಿ: ಮುಂದಿನ ವಾರ ಅಥೆನ್ಸ್‌ನಲ್ಲಿ ಪ್ರಶಸ್ತಿ ಗೆಲ್ಲುವುದು. ನವೆಂಬರ್ 8ರ ಫೈನಲ್‌ನಲ್ಲಿ ಮೊದಲ ಸೆಟ್ ಗೆದ್ದರೂ ಅವರು ಜೊಕೊವಿಚ್ ಎದುರು ಮೂರು ಸೆಟ್‌ಗಳಲ್ಲಿ ಸೋತರು. ಬಾಗಿಲು ಮುಚ್ಚಿತೆನ್ನುವಷ್ಟರಲ್ಲಿ, ಭುಜದ ನೋವಿನಿಂದಾಗಿ ಜೊಕೊವಿಚ್ ಟ್ಯೂರಿನ್‌ನಿಂದ ಹಿಂದೆ ಸರಿದರು. ತೆರವಾದ ಸ್ಥಾನ ಮುಸೆಟ್ಟಿಗೆ ದಕ್ಕಿತು. ಸೋಲಿಸಿದವರಿಂದಲೇ ಸ್ಥಾನ ಬಂದುದು ವಿಧಿಯ ವಿನೋದವೆನ್ನಬಹುದು. ಆದರೆ ಅದರ ಹಿಂದಿರುವ ವ್ಯವಸ್ಥೆಯ ಲೋಪವನ್ನು ವಿಧಿಯ ತಲೆಗೆ ಕಟ್ಟುವಂತಿಲ್ಲ.

ಅಥೆನ್ಸ್ ಫೈನಲ್ ನಡೆದದ್ದು ಶನಿವಾರ; ಟ್ಯೂರಿನ್ ಪಂದ್ಯಾವಳಿ ಆರಂಭವಾದದ್ದು ಮರುದಿನ, ಭಾನುವಾರ. ಸೋಮವಾರವೇ ಮುಸೆಟ್ಟಿ ಟೇಲರ್ ಫ್ರಿಟ್ಜ್ ಎದುರು ಕಣಕ್ಕಿಳಿದು ಸೋತರು. ಮೊದಲೇ ಸ್ಥಾನ ಖಚಿತಪಡಿಸಿಕೊಂಡವರು ಆ ವಾರ ಬೇಕೆಂದರೆ ವಿಶ್ರಾಂತಿ ಪಡೆಯಬಹುದು. ಅಂಚಿನಲ್ಲಿರುವವರಿಗೆ ಆ ಆಯ್ಕೆಯಿಲ್ಲ. ಅರ್ಥಶಾಸ್ತ್ರದ ಪರಿಭಾಷೆಯಲ್ಲಿ ಹೇಳುವುದಾದರೆ, ಪ್ರತಿಫಲದ ಏಣಿಯಲ್ಲಿ ಒಂದು ಮೆಟ್ಟಿಲು ಅತಿ ಎತ್ತರವಾದಾಗ, ಅದರ ಬುಡದಲ್ಲಿರುವವರು ಲಾಭಕ್ಕೆ ಮೀರಿದ ವೆಚ್ಚ ಮಾಡಲೂ ಸಿದ್ಧರಾಗುತ್ತಾರೆ. ಟ್ಯೂರಿನ್‌ನಲ್ಲಿ ಒಂದು ಪಂದ್ಯವನ್ನೂ ಗೆಲ್ಲದಿದ್ದರೂ ಮೂರೂ ಲೀಗ್ ಪಂದ್ಯಗಳನ್ನಾಡಿದವನಿಗೆ ಸಿಗುವ ಮೊತ್ತ 3,31,000 ಡಾಲರ್. ಇಲ್ಲಿ ವೆಚ್ಚವಾಗುವುದು ಹಣವಲ್ಲ, ದೇಹ.

ಋತುವಿನ ಉದ್ದವೂ ಕಡಿಮೆಯಿಲ್ಲ. ಒಂಬತ್ತು ಮಾಸ್ಟರ್ಸ್ ಟೂರ್ನಿಗಳ ಪೈಕಿ ಏಳು ಈಗ 12 ದಿನಗಳಿಗೆ ವಿಸ್ತರಿಸಿವೆ. ಕೊನೆಯ ಸ್ಥಾನಗಳ ಆಕಾಂಕ್ಷಿಗಳಲ್ಲಿದ್ದ ಡೆನ್ಮಾರ್ಕ್‌ನ ಹೋಲ್ಗರ್ ರೂನ್ 2025ರ ಅಕ್ಟೋಬರ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ಆಡುತ್ತಿದ್ದಾಗಲೇ ಹಿಮ್ಮಡಿಯ ಸ್ನಾಯುರಜ್ಜು ಹರಿದುಕೊಂಡರು. ಒಂದು ಗಾಯಕ್ಕೆ ಒಂದೇ ಕಾರಣವನ್ನು ಹೊರಿಸುವುದು ಸರಿಯಲ್ಲ. ಆದರೆ ದಣಿದ ದೇಹ ಹೆಚ್ಚು ಅಪಾಯಕ್ಕೆ ಒಡ್ಡಿಕೊಳ್ಳುತ್ತದೆ ಎಂಬುದನ್ನು ಅಲ್ಲಗಳೆಯಲಾಗದು.

ಈ ಕಡೆಯ ಹಂತದ ಕಾಯುವಿಕೆ ಕನ್ನಡಿಗರಿಗೂ ಅಪರಿಚಿತವಲ್ಲ. ಕೊಡಗಿನ ರೋಹನ್ ಬೋಪಣ್ಣ 2012 ಮತ್ತು 2015ರಲ್ಲಿ ಈ ಪಂದ್ಯಾವಳಿಯ ಡಬಲ್ಸ್ ಫೈನಲ್ ಆಡಿದವರು. 2024ರ ಜನವರಿಯಲ್ಲಿ, 43ನೇ ವಯಸ್ಸಿನಲ್ಲಿ, ಮ್ಯಾಥ್ಯೂ ಎಬ್ಡೆನ್ ಜೊತೆ ಆಸ್ಟ್ರೇಲಿಯನ್ ಓಪನ್ ಗೆದ್ದಿದ್ದರೂ, ಆ ಜೋಡಿಗೆ ಟ್ಯೂರಿನ್ ಖಾತರಿಯಾದದ್ದು ಪ್ಯಾರಿಸ್ ಟೂರ್ನಿಯ ವಾರದಲ್ಲಿ.

ಹಾಗಿದ್ದರೆ ಪರಿಹಾರವೇನು? ಸ್ಥಾನಗಳನ್ನು ಹೆಚ್ಚಿಸುವುದಂತೂ ಅಲ್ಲ. ಹತ್ತು ಮಾಡಿದರೆ ಹನ್ನೊಂದನೆಯವನು ಬಾಗಿಲಲ್ಲಿ ನಿಲ್ಲುತ್ತಾನೆ. ಬದಲಿಗೆ ಅರ್ಹತೆಯ ಲೆಕ್ಕವನ್ನು ಪ್ಯಾರಿಸ್‌ಗೇ ಮುಗಿಸಬಹುದು. ಅನಂತರದ ವಾರದ ಸಣ್ಣ ಟೂರ್ನಿಗಳು ಆಕರ್ಷಣೆ ಕಳೆದುಕೊಳ್ಳುತ್ತವೆ ಎಂಬ ಆಕ್ಷೇಪ ಬರುತ್ತದೆ. ಆ ಆಕರ್ಷಣೆ ಈಗಲೂ ಎಷ್ಟು ಭದ್ರ? ಆ ವಾರ ಮೆಟ್ಜ್‌ನಲ್ಲಿ ಆಡಬೇಕಿದ್ದ ಆಗರ್ ಅಲಿಯಾಸಿಮ್ ಹಿಂದೆ ಸರಿದರಲ್ಲವೇ? ಗಮನಿಸಬೇಕಾದ ಇನ್ನೊಂದು ಅಂಶವಿದೆ. ಪ್ಯಾರಿಸ್‌ಗೇ ಲೆಕ್ಕ ಮುಗಿದಿದ್ದರೂ 2025ರ ಫಲಿತಾಂಶ ಬದಲಾಗುತ್ತಿರಲಿಲ್ಲ. ಆಗರ್ ಅಲಿಯಾಸಿಮ್ ಎಂಟನೆಯವರಾಗಿ, ಜೊಕೊವಿಚ್ ಸರಿದಾಗ ಮುಸೆಟ್ಟಿ ಬದಲಿಯಾಗಿ ಬರುತ್ತಿದ್ದರು. ವ್ಯತ್ಯಾಸವೆಂದರೆ, ತವರಿನ ಪ್ರೇಕ್ಷಕರ ಮುಂದೆ ಅವರು ದಣಿದು ನಿಲ್ಲಬೇಕಾಗಿರಲಿಲ್ಲ.

ಕೊನೆಯ ಸ್ಥಾನದಲ್ಲಿ ಬಂದವರು ಸತ್ವಹೀನರೂ ಅಲ್ಲ. ಆಗರ್ ಅಲಿಯಾಸಿಮ್ ಟ್ಯೂರಿನ್‌ನಲ್ಲಿ ಸೆಮಿಫೈನಲ್ ತಲುಪಿದರು. ಮುಸೆಟ್ಟಿ ಅಲೆಕ್ಸ್ ಡಿ ಮಿನಾರ್ ಅವರನ್ನು ಮಣಿಸಿದರು. ಗೆರೆ ಎಲ್ಲೋ ಒಂದು ಕಡೆ ಬೀಳಲೇಬೇಕು. ಆದರೆ ಅದನ್ನು ದಾಟಿ ಬಂದವನಿಗೆ ಉಸಿರು ತೆಗೆದುಕೊಳ್ಳಲು ಒಂದು ವಾರ ಕೊಡುವುದು ಔದಾರ್ಯವಲ್ಲ. ಅದು ನ್ಯಾಯಯುತ ಸ್ಪರ್ಧೆಯ ಕನಿಷ್ಠ ಷರತ್ತು.