ವಿಮಾನದಲ್ಲಿ ಮಗು ಅಳದಿರಲು ಸಿರಪ್ ಕುಡಿಸಬಹುದೇ? ಕಿವಿಗೆ ಹತ್ತಿ ಇಟ್ಟರೆ ಸಾಕೇ?

ಎಂಟು ತಿಂಗಳ ಮಗಳನ್ನು ಎತ್ತಿಕೊಂಡು ನನ್ನ ಅಕ್ಕ ಒಬ್ಬಳೇ ಬೆಂಗಳೂರಿನಿಂದ ಮಂಗಳೂರಿಗೆ ವಿಮಾನದಲ್ಲಿ ಹೋಗಬೇಕಿತ್ತು. ಒಂದು ಮದುವೆ, ಎರಡೇ ದಿನದ ಓಡಾಟ. ವಿಷಯ ಮನೆಯ ವಾಟ್ಸ್‌ಆ್ಯಪ್ ಗ್ರೂಪಿಗೆ ಬಿದ್ದದ್ದೇ ತಡ, ಫಾರ್ವರ್ಡ್‌ಗಳು ಬರತೊಡಗಿದವು. ವಿಮಾನ ಮೇಲೇರುವಾಗ ಮಗುವಿನ ಕಿವಿತಮಟೆ ಒಡೆಯುತ್ತದೆ, ಎರಡೂ ಕಿವಿಗೆ ಹತ್ತಿ ಇಡಿ ಎಂದು ಒಂದು. ಹೊರಡುವ ಮೊದಲು ನೆಗಡಿ ಸಿರಪ್ ಕುಡಿಸಿ, ಇಳಿಯುವವರೆಗೂ ಮಗು ಏಳುವುದಿಲ್ಲ ಎಂದು ಇನ್ನೊಂದು. ಅಕ್ಕ ಫೋನ್ ಮಾಡಿ ಕೇಳಿದಳು: "ಸಿರಪ್ ಮನೇಲೇ ಇದೆ ಕಣೇ. ಒಂದು ಚೂರು ಕೊಟ್ರೆ ಏನಾಗುತ್ತೆ?"

ಈ ಪ್ರಶ್ನೆ ಬಹಳ ಜನರದ್ದು. ಹಾಗಾಗಿ ಒಂದೊಂದಾಗಿ ನೋಡೋಣ.

ಕಿವಿ ನೋಯುವುದು ಏಕೆ?

ವಿಮಾನ 30 ಸಾವಿರ ಅಡಿಗಿಂತ ಮೇಲೆ ಹಾರಿದರೂ ಒಳಗಿನ ಗಾಳಿಯ ಒತ್ತಡ ಅಷ್ಟು ಇಳಿಯಲು ಬಿಡುವುದಿಲ್ಲ. ಸಾಮಾನ್ಯವಾಗಿ 6,000ದಿಂದ 8,000 ಅಡಿ ಎತ್ತರದ ಜಾಗದಲ್ಲಿ ಇರುವಷ್ಟು ಒತ್ತಡವನ್ನು ಕಾಯ್ದುಕೊಳ್ಳುತ್ತಾರೆ. ಊಟಿ ಇರುವುದು ಸುಮಾರು 7,300 ಅಡಿಯಲ್ಲಿ. ಅಂದರೆ ವಿಮಾನದೊಳಗಿನ ಒತ್ತಡ ಹೆಚ್ಚುಕಡಿಮೆ ಊಟಿಯದ್ದು.

ಶಿರಾಡಿ ಅಥವಾ ಚಾರ್ಮಾಡಿ ಘಾಟಿ ಇಳಿಯುವಾಗ ಕಿವಿ ಮುಚ್ಚಿದಂತಾಗಿ, ಉಗುಳು ನುಂಗಿದ ಕೂಡಲೇ ಬಿಟ್ಟುಕೊಳ್ಳುವುದು ನಿಮಗೆ ಗೊತ್ತಿರಬಹುದು. ವಿಮಾನದಲ್ಲೂ ಆಗುವುದು ಅದೇ. ಕಿವಿತಮಟೆಯ ಹಿಂದೆ ಗಾಳಿ ತುಂಬಿದ ಒಂದು ಸಣ್ಣ ಜಾಗವಿದೆ. ಅಲ್ಲಿಂದ ಮೂಗಿನ ಹಿಂಭಾಗಕ್ಕೆ ಒಂದು ಕೊಳವೆ ಇದೆ. ಅದರ ಹೆಸರು ಯುಸ್ಟೇಷಿಯನ್ ನಾಳ. ನಾವು ನುಂಗಿದಾಗ, ಆಕಳಿಸಿದಾಗ ಅದು ಕ್ಷಣಕಾಲ ತೆರೆದು ಒಳಗಿನ, ಹೊರಗಿನ ಒತ್ತಡವನ್ನು ಸಮ ಮಾಡುತ್ತದೆ. ಪುಟ್ಟ ಮಕ್ಕಳಲ್ಲಿ ಈ ನಾಳ ಗಿಡ್ಡ, ಕಿರಿದು, ಹೆಚ್ಚು ಅಡ್ಡವಾಗಿಯೂ ಇರುತ್ತದೆ. ಅದಕ್ಕೇ ಅವರಿಗೆ ತೊಂದರೆ ಹೆಚ್ಚು.

ಫಾರ್ವರ್ಡ್ ಹೇಳುವುದಕ್ಕೂ ನಿಜಕ್ಕೂ ಇಲ್ಲಿ ದೊಡ್ಡ ವ್ಯತ್ಯಾಸವಿದೆ. ವಿಮಾನ ಏರುವಾಗ ಕಿವಿಯೊಳಗಿನ ಗಾಳಿ ಹಿಗ್ಗಿ ಸುಲಭವಾಗಿ ಹೊರಬರುತ್ತದೆ. ಇಳಿಯುವಾಗ ಗಾಳಿ ಹೊರಗಿನಿಂದ ಒಳಗೆ ಹೋಗಬೇಕು, ಆಗ ನಾಳ ತಾನಾಗಿ ತೆರೆಯುವುದಿಲ್ಲ. ಹೀಗಾಗಿ ನೋವು ಹೆಚ್ಚಾಗಿ ಬರುವುದು ಇಳಿಯುವಾಗ. ಸುಮಾರು ಒಂದು ಗಂಟೆಯ ಪ್ರಯಾಣದಲ್ಲಿ ಏರುವುದು, ಇಳಿಯುವುದರಲ್ಲೇ ಬಹುಪಾಲು ಸಮಯ ಕಳೆಯುತ್ತದೆ. ಇಳಿಯುವ ಊರೂ ಮುಖ್ಯ. ಬೆಂಗಳೂರಿನ ವಿಮಾನ ನಿಲ್ದಾಣ ಸುಮಾರು 3,000 ಅಡಿ ಎತ್ತರದಲ್ಲಿದೆ, ಮಂಗಳೂರಿನದ್ದು 400 ಅಡಿಗೂ ಕಡಿಮೆ. ಆದ್ದರಿಂದ ಬೆಂಗಳೂರಿನಲ್ಲಿ ಇಳಿಯುವಾಗಿಗಿಂತ ಮಂಗಳೂರಿನಲ್ಲಿ ಇಳಿಯುವಾಗ ಕಿವಿಯ ಮೇಲಿನ ಒತ್ತಡ ಹೆಚ್ಚು ಬದಲಾಗುತ್ತದೆ.

ಕಿವಿತಮಟೆ ಒಡೆಯುವುದೇ? ಆರೋಗ್ಯವಂತ ಮಗುವಿನಲ್ಲಿ ಅದು ಬಹಳ ಅಪರೂಪ. ಆದರೆ ಜೋರು ನೆಗಡಿ, ಕಿವಿ ಸೋಂಕು ಇದ್ದರೆ ನಾಳ ಕಟ್ಟಿಕೊಂಡಿರುತ್ತದೆ, ನೋವು ಹೆಚ್ಚು. ಹಾಗಿದ್ದಾಗ ಹೊರಡುವ ಮೊದಲು ಮಕ್ಕಳ ವೈದ್ಯರಿಗೆ ತೋರಿಸಿ.

ಹತ್ತಿ, ಎಣ್ಣೆ, ಜೇನುತುಪ್ಪ

ಹತ್ತಿಯ ಮೂಲಕ ಗಾಳಿ ಆರಾಮವಾಗಿ ಹಾದುಹೋಗುತ್ತದೆ. ಸಮಸ್ಯೆ ಇರುವುದು ಕಿವಿತಮಟೆಯ ಹಿಂದೆ, ಹತ್ತಿ ಇರುವುದು ಮುಂದೆ. ಸದ್ದು ಸ್ವಲ್ಪ ಕಡಿಮೆಯಾದೀತು, ಒತ್ತಡ ಕಡಿಮೆಯಾಗದು. ಕಿವಿಗೆ ಎಣ್ಣೆ ಬಿಡುವುದರಿಂದಲೂ ಇದೇ ಕಾರಣಕ್ಕೆ ಪ್ರಯೋಜನವಿಲ್ಲ.

ಮಗುವಿಗೆ ಬೇಕಾದದ್ದು ನುಂಗುವ ಕೆಲಸ. ಎದೆಹಾಲು, ಬಾಟಲಿ ಹಾಲು ಅಥವಾ ಚೀಪುವ ನಿಪ್ಪಲ್, ಯಾವುದಾದರೂ ಆದೀತು. ಆರು ತಿಂಗಳೊಳಗಿನ ಮಗುವಿಗೆ ನೀರು, ಸಕ್ಕರೆ ನೀರು ಬೇಡ, ಹಾಲೇ ಸಾಕು. ಒಂದು ವರ್ಷದೊಳಗಿನ ಮಗುವಿಗೆ ಜೇನುತುಪ್ಪ ನೆಕ್ಕಿಸಲೇಬೇಡಿ. ಅದರಲ್ಲಿ ಇರಬಹುದಾದ ಬ್ಯಾಕ್ಟೀರಿಯಾದ ಬೀಜಕಣಗಳು ಬೊಟುಲಿಸಂ ಎಂಬ ಗಂಭೀರ ಕಾಯಿಲೆ ತರಬಲ್ಲವು.

ಮಗುವಿನ ಹಾಲು ಮತ್ತು ಆಹಾರವನ್ನು ಪ್ರಯಾಣಕ್ಕೆ ಬೇಕಾಗುವಷ್ಟು ಒಯ್ಯಲು ಭದ್ರತಾ ತಪಾಸಣೆಯಲ್ಲಿ ಬಿಡುತ್ತಾರೆ. ಎಕ್ಸ್-ರೇ ಯಂತ್ರದಲ್ಲಿ ಹೋದ ಹಾಲು ಕೆಡುತ್ತದೆ ಎಂಬುದೂ ಸುಳ್ಳು.

ಸಿರಪ್ ಏಕೆ ಬೇಡ?

ನಿದ್ದೆ ಬರಿಸುವ ನೆಗಡಿ ಸಿರಪ್‌ಗಳಲ್ಲಿ ಇರುವುದು ಹಳೆಯ ಕಾಲದ ಅಲರ್ಜಿ ಔಷಧಿಗಳು. ಅವು ಮಿದುಳನ್ನು ಮಂಕಾಗಿಸುತ್ತವೆ, ನಿದ್ದೆ ಅದರ ಅಡ್ಡಪರಿಣಾಮ. ಪುಟ್ಟ ಮಕ್ಕಳಲ್ಲಿ ಈ ಮಂಕು ಉಸಿರಾಟವನ್ನೇ ನಿಧಾನ ಮಾಡಬಹುದು. ಪ್ರೊಮೆಥಜೀನ್ ಎಂಬ ಇಂಥ ಔಷಧಿಯನ್ನು ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಲೇಬಾರದು ಎಂಬ ಎಚ್ಚರಿಕೆಯನ್ನು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2004ರಲ್ಲೇ ಲೇಬಲ್ ಮೇಲೆ ಹಾಕಿಸಿತು.

ನಮ್ಮಲ್ಲೂ ನಿಯಮಗಳಿವೆ. ಕ್ಲೋರ್‌ಫೆನಿರಮಿನ್ ಮತ್ತು ಫಿನೈಲೆಫ್ರಿನ್ ಸೇರಿದ ನೆಗಡಿ ಔಷಧಿಯನ್ನು ನಾಲ್ಕು ವರ್ಷದೊಳಗಿನ ಮಕ್ಕಳಿಗೆ ಬಳಸಬಾರದು ಎಂದು ಲೇಬಲ್ ಮೇಲೆ ಮುದ್ರಿಸಬೇಕೆಂದು ಕೇಂದ್ರದ ಔಷಧ ನಿಯಂತ್ರಕರು 2023ರ ಡಿಸೆಂಬರ್‌ನಲ್ಲಿ ಸೂಚಿಸಿದರು. 2025ರಲ್ಲಿ ಮಧ್ಯಪ್ರದೇಶದಲ್ಲಿ ವಿಷಕಾರಿ ರಾಸಾಯನಿಕ ಬೆರೆತ ಕೆಮ್ಮಿನ ಸಿರಪ್ ಕುಡಿದು ಮಕ್ಕಳು ಸತ್ತರು. ಆ ಅಕ್ಟೋಬರ್‌ನಲ್ಲಿ ಎರಡು ವರ್ಷದೊಳಗಿನವರಿಗೆ ಕೆಮ್ಮು-ನೆಗಡಿ ಔಷಧಿ ಬರೆಯಬಾರದು, ಕೊಡಬಾರದು ಎಂದು ಕೇಂದ್ರ ಆರೋಗ್ಯ ಸೇವೆಗಳ ಮಹಾನಿರ್ದೇಶನಾಲಯ ತಿಳಿಸಿತು. ಗಮನಿಸಿ, ಈ ಸಲಹೆ ಕಲಬೆರಕೆಯ ಸಿರಪ್‌ಗೆ ಮಾತ್ರ ಅಲ್ಲ, ಒಳ್ಳೆಯ ಸಿರಪ್‌ಗೂ ಅನ್ವಯಿಸುತ್ತದೆ.

ಇನ್ನೂ ಎರಡು ವಿಷಯ. ಕೆಲವು ಮಕ್ಕಳಿಗೆ ಈ ಔಷಧಿಯಿಂದ ನಿದ್ದೆ ಬರುವ ಬದಲು ಕಿರಿಕಿರಿ, ಚಡಪಡಿಕೆ ಹೆಚ್ಚಾಗುತ್ತದೆ. ಜೊತೆಗೆ ನಿದ್ದೆಯಲ್ಲಿ ನಾವು ನುಂಗುವುದು ಬಹಳ ಕಡಿಮೆ. ಔಷಧಿಯ ಮಂಪರಿನಲ್ಲಿರುವ ಮಗು ವಿಮಾನ ಇಳಿಯುವಾಗ ಹಾಲು ಕುಡಿಯುವುದಿಲ್ಲ, ಕಿವಿಯ ನಾಳ ತೆರೆಯುವುದಿಲ್ಲ. ಕಿವಿನೋವು ತಪ್ಪಿಸಲು ಕೊಟ್ಟ ಸಿರಪ್ಪೇ ಕಿವಿನೋವಿಗೆ ದಾರಿ ಮಾಡಿಕೊಡುತ್ತದೆ.

ಹಾಗಾದರೆ ಸಿರಪ್ ಯಾರಿಗಾಗಿ?

ನಿಜ ಹೇಳಬೇಕೆಂದರೆ ಮಗುವಿಗಾಗಿ ಅಲ್ಲ. ಅಕ್ಕನ ಭಯ ಕಿವಿಯ ಬಗ್ಗೆ ಇದ್ದದ್ದಕ್ಕಿಂತ ಹೆಚ್ಚಾಗಿ ಮಗು ಅತ್ತರೆ ಹಿಂದೆ ಮುಂದೆ ಕೂತವರು ತಿರುಗಿ ನೋಡುವ ನೋಟದ ಬಗ್ಗೆ ಇತ್ತು. ಜೊತೆಗೆ ಇನ್ನೊಬ್ಬರಿದ್ದರೆ ಆ ನೋಟ ಹಂಚಿಹೋಗುತ್ತದೆ. ಒಬ್ಬಳೇ ಇದ್ದರೆ ಎಲ್ಲವೂ ಅವಳ ಮೇಲೆ. ಇಂಥ ಫಾರ್ವರ್ಡ್‌ಗಳು ಓಡುವುದೇ ಈ ಮುಜುಗರದ ಮೇಲೆ. ಹತ್ತು ನಿಮಿಷದ ಅಳುವಿನಿಂದ ಮಗುವಿಗೆ ಅಪಾಯವಿಲ್ಲ. ಅಳುವಾಗ ಬಾಯಿ ತೆರೆದು, ಉಗುಳು ನುಂಗಿ ಕಿವಿ ಬಿಟ್ಟುಕೊಳ್ಳುವುದೂ ಉಂಟು. ಪಕ್ಕದ ಸೀಟಿನಲ್ಲಿ ಇರುವವರು ನೀವಾಗಿದ್ದರೆ ಮುಖ ಸಿಂಡರಿಸುವ ಬದಲು ಬ್ಯಾಗ್ ಹಿಡಿದುಕೊಳ್ಳಲಾ ಎಂದು ಕೇಳಿ.

ಒಬ್ಬರೇ ಹೋಗುವವರು ತಿಳಿದಿರಬೇಕಾದದ್ದು

- ವಿಮಾನ ಇಳಿಯತೊಡಗುವುದು ನೆಲ ಮುಟ್ಟುವ ಸುಮಾರು 20-30 ನಿಮಿಷ ಮೊದಲೇ. ಇಳಿಯತೊಡಗಿದಾಗ ತಿಳಿಸಿ ಎಂದು ಸಿಬ್ಬಂದಿಗೆ ಹೇಳಿಡಿ. ಮಲಗಿರುವ ಮಗುವನ್ನು ಎಬ್ಬಿಸಿ ಹಾಲು ಕೊಡಿ. ಹಾಲು ಆಗಲೇ ಮುಗಿದುಹೋಗದಂತೆ ನೋಡಿಕೊಳ್ಳಿ.
- ಎರಡು ವರ್ಷದೊಳಗಿನ ಮಗು ನಿಮ್ಮ ಮಡಿಲಲ್ಲೇ ಕೂರಬಹುದು. ಆದರೂ ಟಿಕೆಟ್‌ನಲ್ಲಿ ಹೆಸರು ಸೇರಿಸಬೇಕು, ವಯಸ್ಸಿನ ದಾಖಲೆಗೆ ಜನನ ಪ್ರಮಾಣಪತ್ರ ಇಟ್ಟುಕೊಳ್ಳಬೇಕು.
- ನಿಮ್ಮ ಬೆಲ್ಟನ್ನೇ ಮಗುವನ್ನೂ ಸೇರಿಸಿ ಕಟ್ಟಬೇಡಿ. ಜೋರಾಗಿ ಕುಲುಕಿದರೆ ನಿಮ್ಮ ಭಾರವೆಲ್ಲ ಮಗುವಿನ ಮೇಲೆ ಬೀಳುತ್ತದೆ. ಮಗುವಿಗೆಂದೇ ಇರುವ ಬೆಲ್ಟ್ ಕೇಳಿ ಪಡೆಯಿರಿ.
- ಆಮ್ಲಜನಕದ ಮಾಸ್ಕ್ ಕೆಳಗಿಳಿದರೆ ಮೊದಲು ನೀವು ಹಾಕಿಕೊಳ್ಳಿ, ಆಮೇಲೆ ಮಗುವಿಗೆ. ತಾಯಿಯ ಮನಸ್ಸು ಒಪ್ಪದ ಮಾತಿದು. ಆದರೆ 35 ಸಾವಿರ ಅಡಿಯಲ್ಲಿ ಒತ್ತಡ ಹೋದರೆ ಎಚ್ಚರವಾಗಿ ಕೆಲಸ ಮಾಡಲು ಸಿಗುವುದು ಅರ್ಧದಿಂದ ಒಂದು ನಿಮಿಷ ಅಷ್ಟೇ. ನೀವು ಕುಸಿದರೆ ಮಗುವಿಗೆ ಮಾಸ್ಕ್ ಹಾಕಲು ಜೊತೆಯಲ್ಲಿ ಬೇರೆ ಯಾರೂ ಇಲ್ಲ.

ಅಕ್ಕ ಸಿರಪ್ ಕೊಡಲಿಲ್ಲ. ಇಳಿಯುವಾಗ ಮಗುವನ್ನು ಎಬ್ಬಿಸಿ ಹಾಲು ಕುಡಿಸಿದಳು. ಮಗು ಅತ್ತಿತಾ ಎಂದು ಕೇಳಿದೆ. "ಅತ್ತಳು, ಐದು ನಿಮಿಷ. ಆಮೇಲೆ ಪಕ್ಕದವರ ಕನ್ನಡಕ ಎಳೆದಳು" ಅಂದಳು.

ಸಿರಪ್ ಕುಡಿಸಿ ಎನ್ನುವ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದರೆ ಮುಂದಕ್ಕೆ ಕಳಿಸಬೇಡಿ. ಕಳಿಸಿದವರಿಗೆ ಇಷ್ಟು ಬರೆದರೆ ಸಾಕು: ಎಬ್ಬಿಸಿ ಹಾಲು ಕೊಡಿ, ಮಲಗಿಸಲು ಔಷಧಿ ಕೊಡಬೇಡಿ.