ರೈಫಲ್ಲೇ ಬೇಕೇನ್ರಿ, ಯಜಮಾನ್ರ?

ಗೊಂಜಾಳದ ತೆನೆಯಲ್ಲಿ ಹಾಲು ತುಂಬುವ ಹೊತ್ತಿಗೆ ಬ್ಯಾಡಗಿ, ರಾಣೇಬೆನ್ನೂರು ಬಸ್‌ಸ್ಟ್ಯಾಂಡಿನ ಚಹಾದಂಗಡಿಗಳಲ್ಲಿ ಬಂದೂಕಿನ ಮಾತು ಏಳುತ್ತದೆ. “ಈ ಸಲ ಒಂದು ರೈಫಲ್ ತಗೊಂಡಬಿಡ್ತೀನಿ ನೋಡ್ರಿ. ಹಂದಿ ಕಾಟ ತಡಕೊಳ್ಳಾಕ ಆಗೂದಿಲ್ಲ” ಎನ್ನುತ್ತಾರೆ ಒಬ್ಬರು. “ಯಾವುದು ತಗೋತೀಯೋ ತಮ್ಮಾ? ತೋಟಾ ಎಲ್ಲಿ ಸಿಗತಾವು?” ಎಂದು ಹಿರಿಯರೊಬ್ಬರ ಪ್ರಶ್ನೆ. ಮೂರನೆಯವರು ಕೊಡಗಿಗೆ ಹೋಗಿ ಬಂದವರು. ಅಲ್ಲಿ ಮನೆಮನೆಯಲ್ಲೂ ಕೋವಿ ಇರುವ ಕಥೆ ತೆಗೆಯುತ್ತಾರೆ. ಅಷ್ಟರಲ್ಲಿ ಬಸ್ಸು ಬರುತ್ತದೆ, ಮಾತು ಅಲ್ಲಿಗೇ ನಿಲ್ಲುತ್ತದೆ. ರಾತ್ರಿ ಹಂದಿ ಮಾತ್ರ ತಪ್ಪದೆ ಬರುತ್ತದೆ.

ಕೊಡಗಿನ ಮಾತು ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿನ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಲೈಸೆನ್ಸಿನಿಂದ ವಿನಾಯಿತಿ ಇದೆ. ಹಾವೇರಿಯ ರೈತನಿಗೆ ಅದಿಲ್ಲ. ಅವನು ದೇವಗಿರಿಯ ಡಿ.ಸಿ. ಆಫೀಸಿನ ಮೆಟ್ಟಿಲು ಹತ್ತಲೇಬೇಕು. ಹತ್ತಿದರೂ ರೈಫಲ್ ಸಿಗುವುದು ಸುಲಭವಲ್ಲ ಎಂಬುದನ್ನು ಬಹಳ ಮಂದಿ ತಿಳಿದಿಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಕಲಮು ಸ್ಪಷ್ಟವಾಗಿದೆ. ಬೆಳೆ ಕಾಯುವುದಕ್ಕೆ ಅದು ಹೇಳುವುದು ಬಾಯಿಯಿಂದ ಮದ್ದು ತುಂಬುವ ಬಂದೂಕು. ಅದು ಸಾಲದೆಂದು ಅಧಿಕಾರಿಗೆ ಮನವರಿಕೆಯಾದರೆ, 20 ಇಂಚಿಗೆ ಕಡಿಮೆಯಿಲ್ಲದ ನುಣುಪು ನಳಿಗೆಯ ಬೇರೆ ಬಂದೂಕು ಕೊಡಬಹುದು. ನಳಿಗೆಯೊಳಗೆ ಸುರುಳಿ ಗೆರೆ ಕೊರೆದ ರೈಫಲ್ಲಿನ ಹೆಸರು ಆ ಸಾಲಿನಲ್ಲಿ ಇಲ್ಲ. ರೈಫಲ್ ಬೇಕೆಂದವರು ಬೇರೆ ತಕ್ಕ ಕಾರಣ ತೋರಿಸಬೇಕು. ‘ಹಂದಿ ಬರ್ತಾವ್ರಿ’ ಎಂಬಷ್ಟಕ್ಕೆ ಫೈಲು ಮುಂದೆ ಸರಿಯುವುದು ಕಷ್ಟ.

ಕಾನೂನು ಕೊಡದಿದ್ದರೆ ಹೋಗಲಿ. ಕೊಟ್ಟರೂ ಈ ಸೀಮೆಯಲ್ಲಿ ರೈಫಲ್ ತರಬಾರದು. ಇದು ಮಲೆನಾಡಲ್ಲ, ಎರೆಹೊಲದ ಬಯಲು. ಇಷಾಪುರದ ಸರ್ಕಾರಿ ಕಾರ್ಖಾನೆಯ ಪಾಯಿಂಟ್ 315 ರೈಫಲ್ಲಿನ ಗುಂಡು, ಗುರಿ ತಪ್ಪಿದರೆ, ಎರಡು ಕಿಲೋಮೀಟರಿಗೂ ಆಚೆ ಹೋಗಿ ಬೀಳಬಲ್ಲದು. ಅಡ್ಡ ಬರಲು ಗುಡ್ಡವಿಲ್ಲ, ದಟ್ಟ ಮರವಿಲ್ಲ. ಬರುವುದು ಪಕ್ಕದ ಹೊಲದ ಅಟ್ಟಣಿಗೆಯಲ್ಲಿ ಕಂಬಳಿ ಹೊದ್ದು ತನ್ನ ಬೆಳೆ ಕಾಯುತ್ತ ಕೂತ ಮನುಷ್ಯ. ಇಲ್ಲವೇ ಮೋಟೆಬೆನ್ನೂರಿನ ಹೆದ್ದಾರಿಯಲ್ಲಿ ಓಡುವ ರಾತ್ರಿ ಬಸ್ಸು. ಕತ್ತಲಲ್ಲಿ ಬ್ಯಾಟರಿ ಬೆಳಕಿಗೆ ಹೊಳೆದ ಕಣ್ಣು ಹಂದಿಯದೋ, ಯಾರದೋ ಮನೆಯ ಎಮ್ಮೆಯದೋ ಎಂದು ನೂರು ಗಜದಿಂದ ಹೇಳಬಲ್ಲವರು ಯಾರು?

ಉಳಿಯುವುದು ಹನ್ನೆರಡು ಬೋರಿನ ಬಂದೂಕು, ಒಂಟಿನಳಿಗೆಯೋ ಜೋಡುನಳಿಗೆಯೋ. ಈ ‘ಹನ್ನೆರಡು’ ಎಲ್ಲಿಂದ ಬಂತೆಂಬುದು ತಕ್ಕಡಿ ಹಿಡಿಯುವ ಅಂಗಡಿಯವರಿಗೆ ಇಷ್ಟವಾಗುವ ಲೆಕ್ಕ. ಒಂದು ಪೌಂಡು ಸೀಸವನ್ನು ಹನ್ನೆರಡು ಸಮ ಉಂಡೆ ಮಾಡಿದರೆ ಒಂದು ಉಂಡೆ ಎಷ್ಟು ದಪ್ಪವೋ ನಳಿಗೆಯ ಬಾಯಿ ಅಷ್ಟು. ತೋಟಾದೊಳಗೆ ಒಂದೇ ಗುಂಡಿನ ಬದಲು ಚರೆ ಇರುತ್ತದೆ. ಹಕ್ಕಿ ಹೊಡೆಯುವ ಸಣ್ಣ ಚರೆ ಹಂದಿಯ ಚರ್ಮದಲ್ಲಿ ನಾಟಿ ನಿಲ್ಲುತ್ತದೆಯೇ ಹೊರತು ಅದನ್ನು ಕೆಡವುವುದಿಲ್ಲ. ಗಾಯಗೊಂಡ ಹಂದಿ ಮರುದಿನ ಕಳೆ ತೆಗೆಯಲು ಹೋದ ಹೆಣ್ಣುಮಕ್ಕಳ ಮೇಲೆ ಎರಗಿದರೆ ಹೊಣೆ ಯಾರು? ಹಂದಿಗೆಂದು ಇರುವುದು ಎಲ್.ಜಿ., ಎಸ್.ಜಿ. ಎಂಬ ದಪ್ಪ ಚರೆಯ ತೋಟಾ. ಒಂದೊಂದರಲ್ಲಿ ಹತ್ತರ ಒಳಗೇ ಉಂಡೆಗಳು. ಅದರ ಭರವಸೆ ಮೂವತ್ತು ನಲವತ್ತು ಗಜದ ತನಕ ಮಾತ್ರ. ಆಚೆಗೆ ಚರೆ ಚದುರಿ ಕೆಲಸ ಕೆಡುತ್ತದೆ, ಆದರೂ ಮನುಷ್ಯನಿಗೆ ತಗುಲಿದರೆ ಸುಮ್ಮನೆ ಹೋಗುವುದಿಲ್ಲ.

ಅಜ್ಜನ ಕಾಲದ ಬಂದೂಕು ಅಟ್ಟದಿಂದ ಇಳಿಸುವವರು ಇನ್ನೊಂದು ಮಾತು ನೆನಪಿಡಬೇಕು. ಹಳೆಯ ನಳಿಗೆಗಳಲ್ಲಿ ತೋಟಾ ಕೂರುವ ಮನೆ ಹಲವು ಸಲ 65 ಮಿಲಿಮೀಟರಿನದು, ಈಗಿನ ತೋಟಾ ಬಹುಮಟ್ಟಿಗೆ 70ರದು. ಉದ್ದದ ತೋಟಾ ಹಳೆಯ ಮನೆಯೊಳಗೆ ಸಲೀಸಾಗಿ ಕೂರುತ್ತದೆ, ಅದೇ ಮೋಸ. ಹಾರಿಸಿದಾಗ ಅದರ ಬಾಯಿ ಬಿಚ್ಚಿಕೊಳ್ಳಲು ಜಾಗ ಸಾಲದೆ ಒತ್ತಡ ಏರುತ್ತದೆ, ನಳಿಗೆ ಸೀಳಿದರೆ ಹೋಗುವುದು ಹಾರಿಸಿದವನ ಕೈ. ಬಂದೂಕು ಬಲ್ಲ ಕುಶಲಕರ್ಮಿಗೆ ತೋರಿಸಿ ಅಳತೆ ಮಾಡಿಸದೆ ಒಂದು ತೋಟಾವನ್ನೂ ಕೊಳ್ಳಬಾರದು.

ಇಷ್ಟೆಲ್ಲ ಆದಮೇಲೂ ರೈತ ಎಡವುವುದು ಬೇರೆ ಕಡೆ. ಬಂದೂಕಿನ ಲೈಸೆನ್ಸ್ ಕೈಗೆ ಬಂತೆಂದರೆ ಪ್ರಾಣಿ ಹೊಡೆಯಲು ಅಪ್ಪಣೆ ಸಿಕ್ಕಿತೆಂದು ತಿಳಿಯುತ್ತಾನೆ. ಎರಡೂ ಬೇರೆ ಬೇರೆ ಕಾಗದ, ಬೇರೆ ಬೇರೆ ಇಲಾಖೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಬಂದ ಮೇಲೆ ದೇಶದಲ್ಲಿ ಕ್ರಮೇಣ ಶಿಕಾರಿಯ ಬಾಗಿಲು ಮುಚ್ಚಿತು. ಅಮೆರಿಕ, ಜರ್ಮನಿಯಲ್ಲಿ ಜಿಂಕೆ ಬೇಟೆಗೆ ಋತುವಿದೆ, ಪರವಾನಗಿಯಿದೆ, ಅದಕ್ಕೆ ತಕ್ಕ ರೈಫಲ್ ಆರಿಸುವುದೇ ಅಲ್ಲಿನವರ ಒಂದು ಷೋಕಿ. ಇಲ್ಲಿ ಅದು ಜೈಲಿನ ದಾರಿ. ಕಾಡುಹಂದಿ 2022ರ ತಿದ್ದುಪಡಿಯ ನಂತರ ಎರಡನೇ ಅನುಸೂಚಿಯಲ್ಲಿದೆ. ನಿಂತ ಬೆಳೆಗೆ ಅಪಾಯವಾದರೆ ಮುಖ್ಯ ವನ್ಯಜೀವಿ ಪರಿಪಾಲಕರೋ ಅವರು ಅಧಿಕಾರ ಕೊಟ್ಟವರೋ ಬರಹದಲ್ಲಿ ಅನುಮತಿ ನೀಡಬಹುದು. ಹಾಗೆ ಸತ್ತ ಹಂದಿಯೂ ಸರ್ಕಾರದ ಸ್ವತ್ತು, ಅಡುಗೆಮನೆಗೆ ಬರುವಂತಿಲ್ಲ.

ಚಿಗರಿಯ ಮಾತಂತೂ ಇನ್ನೂ ಬಿಗಿ. ರಾಣೇಬೆನ್ನೂರಿನ ಸುತ್ತ 119 ಚದರ ಕಿಲೋಮೀಟರ್ ಕೃಷ್ಣಮೃಗ ಅಭಯಾರಣ್ಯವಾದದ್ದು 1974ರಲ್ಲಿ. ಅದಕ್ಕೆ ಬೇಲಿಯ ಕಲ್ಪನೆ ಇಲ್ಲ. ನೀಲಗಿರಿ ನೆಡುತೋಪಿನಿಂದ ಹೊರಟ ಹಿಂಡು ಮೊಳಕೆಯ ಹೊಲಕ್ಕೆ ಇಳಿದರೆ ಬೆಳಗಾಗುವುದರೊಳಗೆ ಸಾಲು ಸಾಲೇ ಖಾಲಿ, ಬೀಜ ಗೊಬ್ಬರದ ದುಡ್ಡು ಮಣ್ಣುಪಾಲು. ಆದರೆ ಕೃಷ್ಣಮೃಗ ಒಂದನೇ ಅನುಸೂಚಿಯದು. ಬೆಳೆ ತಿಂದಿತೆಂಬ ಕಾರಣಕ್ಕೆ ಅದನ್ನು ಹೊಡೆಯಲು ಯಾವ ಅಧಿಕಾರಿಯೂ ಅಪ್ಪಣೆ ಕೊಡಲಾರ. ಹೊಡೆದವನಿಗೆ ಮೂರು ವರ್ಷಕ್ಕೆ ಕಡಿಮೆಯಿಲ್ಲದ ಸಜೆ, ಏಳರ ತನಕ ಏರಬಹುದು. ಎರಡು ಎಕರೆಯ ಯಜಮಾನ ಮೂರು ವರ್ಷ ಒಳಗೆ ಕೂತರೆ ಆ ಎರಡು ಎಕರೆಯನ್ನು ಉಳುವವರು ಯಾರು?

ರೈಫಲ್ ಬೇಡ, ಚಿಗರಿ ಮುಟ್ಟಬೇಡ ಎನ್ನುವುದು ಸರಿಯೇ. ಆದರೆ ಬೇಡ ಎಂದವರ ಮೇಲೂ ಒಂದು ಋಣವಿದೆ. ಬೆಳೆಹಾನಿಗೆ ಅರಣ್ಯ ಇಲಾಖೆ ಪರಿಹಾರ ಕೊಡುತ್ತದೆ, ಅರ್ಜಿಗೆ ಇ-ಪರಿಹಾರವೆಂಬ ಏರ್ಪಾಡೂ ಇದೆ. ರೈತರ ದೂರು ಪರಿಹಾರ ಇಲ್ಲವೆಂದಲ್ಲ, ನೋಡಲು ಬರುವುದು ತಡವೆಂದು. ಹಂದಿ ಉರುಳಿಸಿದ ಗೊಂಜಾಳ ಎಷ್ಟು ದಿನ ಹಾಗೇ ಬಿದ್ದಿರುತ್ತದೆ? ಮಳೆ ಬಂದರೆ ಕೊಳೆಯುತ್ತದೆ, ಬಿಸಿಲು ಬಂದರೆ ದನಕ್ಕೆ ಹಾಕುತ್ತಾರೆ. ತಡವಾಗಿ ಬಂದ ಸಾಹೇಬರು ಪಂಚನಾಮೆಯಲ್ಲಿ ಬರೆಯುವುದಾದರೂ ಏನನ್ನು? ತಡವಾದಷ್ಟೂ ಹೊಲಕ್ಕೆ ಕರೆಂಟಿನ ತಂತಿ ಎಳೆಯುವ, ಹಿಟ್ಟಿನಲ್ಲಿ ಸಿಡಿಮದ್ದು ಇಡುವ ಕಳ್ಳದಾರಿಗೆ ಜನ ಬೀಳುತ್ತಾರೆ. ತಂತಿಗೆ ಹಂದಿಯ ಗುರುತಿಲ್ಲ, ಅದು ನೀರು ಹಾಯಿಸಲು ಹೋದ ಮಗನನ್ನೂ ಹಿಡಿಯುತ್ತದೆ.

ಚುನಾವಣೆ ಬಂದರಂತೂ ಬಂದೂಕಿನ ಕಥೆಯೇ ಬೇರೆ. ಯಾರ ಬಂದೂಕು ಠಾಣೆಗೆ ಬರಬೇಕೆಂದು ಪರಿಶೀಲಿಸಲು ಜಿಲ್ಲೆಯಲ್ಲಿ ಸಮಿತಿ ಇರುತ್ತದೆ. ಹೊಲಗಾವಲಿನ ಬಂದೂಕು ಎಂದು ಆ ಸಮಿತಿಗೆ ಬರಹದಲ್ಲಿ ತಿಳಿಸಿದವರ ಅರ್ಜಿಯನ್ನಾದರೂ ಓದಿ ತೀರ್ಮಾನಿಸಲಿ. ಇಟ್ಟುಬಂದವರು ರಸೀದಿ ಪಡೆಯಲಿ, ವಾಪಸು ತರುವಾಗ ಅಲ್ಲಿಯೇ ನಳಿಗೆ ತೆರೆದು ಬೆಳಕಿಗೆ ಹಿಡಿದು ನೋಡಲಿ. ತಿಂಗಳುಗಟ್ಟಲೆ ಎಣ್ಣೆ ಕಾಣದೆ ಮೂಲೆಯಲ್ಲಿ ನಿಂತ ನಳಿಗೆಗೆ ತುಕ್ಕು ಹಿಡಿಯಲು ಹಾವೇರಿಯ ಒಂದು ಮಳೆಗಾಲ ಸಾಕು.