ಊರಿನ ಕಣಜ, ಊರಿನದೇ ಲೆಕ್ಕ

ಬೀದರ್ ಗಡಿಯಾಚೆ, ತೆಲಂಗಾಣದಲ್ಲಿರುವ ಜಹೀರಾಬಾದ್ 1956ರ ರಾಜ್ಯ ವಿಂಗಡಣೆಗೆ ಮೊದಲು ಬೀದರ್ ಜಿಲ್ಲೆಗೇ ಸೇರಿತ್ತು. ಆಡಳಿತ ಬೇರೆಯಾದರೂ ಮಣ್ಣು, ಮಳೆ, ಜೋಳದ ರೊಟ್ಟಿ ಬೇರೆಯಾಗಲಿಲ್ಲ. ಅಲ್ಲಿನ ಹಳ್ಳಿಗಳ ಬಡ ದಲಿತ ಹೆಣ್ಣುಮಕ್ಕಳು ಸಂಘ ಕಟ್ಟಿಕೊಂಡು ಮಾಡಿದ ಕೆಲಸ ನಮ್ಮಲ್ಲಿ ಆಗಬೇಕಾದಷ್ಟು ಚರ್ಚೆಯಾಗಿಲ್ಲ ಎಂಬ ಕೊರಗು ನನಗಿದೆ.

ಜಹೀರಾಬಾದ್ ಆಗ ಸೇರಿದ್ದ ಆಂಧ್ರದಲ್ಲಿ ಎರಡು ರೂಪಾಯಿಗೆ ಕಿಲೋ ಅಕ್ಕಿ ಶುರುವಾದದ್ದು 1983ರಲ್ಲಿ. ಆ ಅಕ್ಕಿ ಎಷ್ಟೋ ಮನೆಗಳ ಒಲೆ ಹೊತ್ತಿಸಿತು, ಅದನ್ನು ಅಲ್ಲಗಳೆಯಲಾಗದು. ಆದರೆ ಒಣಭೂಮಿಯ ಜೋಳ, ನವಣೆ, ಸಾಮೆಗಳನ್ನು ಕೇಳುವವರು ಕಡಿಮೆಯಾದರು. ಸರ್ಕಾರ ಹಂಚಿದ್ದ ತೆಳುಮಣ್ಣಿನ ತುಂಡು ಹೊಲಗಳು ಬಂಡವಾಳವಿಲ್ಲದೆ ಬೀಳುಬಿದ್ದವು. ಹೊಲವಿದ್ದವರೇ ಕೂಲಿ ಹುಡುಕಿಕೊಂಡು ಹೊರಟರು.

1983ರಲ್ಲೇ ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿ ಕೆಲಸ ಆರಂಭಿಸಿತು. ಅದನ್ನು ಕಟ್ಟಿದವರಲ್ಲಿ ಮುಖ್ಯರಾದ ಪಿ.ವಿ. ಸತೀಶ್ ಮೈಸೂರಿನವರು, ಪತ್ರಕರ್ತರಾಗಿದ್ದು, ದೂರದರ್ಶನದಲ್ಲಿ ದುಡಿದು, ಕೊನೆಗೆ ಹೊಲದ ಬದುವಿಗೆ ಬಂದವರು. 2023ರ ಮಾರ್ಚ್‌ನಲ್ಲಿ ತೀರಿಕೊಂಡರು.

1990ರ ದಶಕದ ನಡುವೆ ಈ ಸೊಸೈಟಿಯ ಜೊತೆಗೂಡಿ ಹೆಣ್ಣುಮಕ್ಕಳ ಸಂಘಗಳು ತಮ್ಮದೇ ಪಡಿತರ ವ್ಯವಸ್ಥೆಗೆ ಕೈಹಾಕಿದವು. ಬೀಳುಭೂಮಿ ಇದ್ದವರಿಗೆ ಉಳುಮೆ, ಗೊಬ್ಬರ, ಬಿತ್ತನೆಗೆಂದು ಎಕರೆ ಲೆಕ್ಕದಲ್ಲಿ ಸಾಲ ಕೊಟ್ಟವು. ಸಾಲ ತೀರಿಸಬೇಕಾದದ್ದು ದುಡ್ಡಿನಲ್ಲಲ್ಲ, ವರ್ಷವರ್ಷವೂ ಕಂತಿನಂತೆ ಜೋಳದಲ್ಲಿ. ಮೂವತ್ತಕ್ಕೂ ಹೆಚ್ಚು ಹಳ್ಳಿಗಳಲ್ಲಿ 2,500 ಎಕರೆಗೂ ಮೀರಿದ ಭೂಮಿ ಮತ್ತೆ ಉಳುಮೆ ಕಂಡಿತು. ಹಾಗೆ ಬಂದ ಜೋಳ ಊರಲ್ಲೇ ಉಳಿಯಿತು. ದೊಡ್ಡ ಬುಟ್ಟಿಗಳಿಗೆ ಮಣ್ಣು, ಸಗಣಿ ಮೆತ್ತಿ, ಬೂದಿ, ಬೇವಿನ ಸೊಪ್ಪು ಸೇರಿಸಿ ಕಾಳು ಕಾಯುವ ವಿದ್ಯೆ ಆ ಹೆಂಗಸರಿಗೆ ಗೊತ್ತೇ ಇತ್ತು. ಕೂಲಿ ಸಿಗದ ತಿಂಗಳುಗಳಲ್ಲಿ ಆ ಜೋಳ ಅಗ್ಗದ ದರಕ್ಕೆ ಬಡವರ ಮನೆ ಸೇರಿತು.

ಯಾರು ಬಡವರು? ನನಗೆ ಈ ಕತೆಯಲ್ಲಿ ಎಲ್ಲಕ್ಕಿಂತ ದೊಡ್ಡದೆನಿಸುವುದು ಇದನ್ನು ಅವರು ತೀರ್ಮಾನಿಸಿದ ಬಗೆ. ಹೆಂಗಸರು ನೆಲದ ಮೇಲೆ ಬಣ್ಣದ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿದರು. ಓಣಿ ಬಿಡಿಸಿ, ಮನೆ ಗುರುತಿಸಿ, ಒಂದೊಂದು ಮನೆಯ ಬಗ್ಗೆಯೂ ಎಲ್ಲರೆದುರೇ ಚರ್ಚಿಸಿದರು: ದುಡಿಯುವ ಕೈಗಳೆಷ್ಟು, ಉಣ್ಣುವ ಬಾಯಿಗಳೆಷ್ಟು, ಹೊಲವಿದೆಯೇ, ಆಸರೆಯಿಲ್ಲದ ಮುದುಕಿ ಇದ್ದಾಳೆಯೇ? ಪ್ರತಿ ಮನೆಗೂ ಬಡತನದ ಒಂದು ದರ್ಜೆ. ಹೆಚ್ಚು ಬಡವರಿಗೆ ಹೆಚ್ಚು ಜೋಳ. ನೆರೆಮನೆಯ ಒಲೆ ಯಾವ ದಿನ ಉರಿಯಲಿಲ್ಲ ಎಂದು ಬಲ್ಲವರ ಎದುರು ಸುಳ್ಳು ಲೆಕ್ಕ ಒಪ್ಪಿಸುವುದು ಕಷ್ಟ. ಕಚೇರಿಯ ಆದಾಯ ಪ್ರಮಾಣಪತ್ರಕ್ಕೆ ಈ ಕಣ್ಣಿಲ್ಲ.

ಜೋಳದ ಜೊತೆ ಹೊಲಕ್ಕೆ ತೊಗರಿ, ಹೆಸರು, ಅವರೆಯೂ ಬಂದವು. ಅಕ್ಕಡಿ ಬೆಳೆ ಬಲ್ಲ ನಮ್ಮ ರೈತರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೀಜವನ್ನೂ ಸಂಘದ ಹೆಂಗಸರೇ ಕಾಪಿಟ್ಟರು. ಈ ಕೆಲಸಕ್ಕೆ 2019ರಲ್ಲಿ ವಿಶ್ವಸಂಸ್ಥೆಯ ಈಕ್ವೇಟರ್ ಪ್ರಶಸ್ತಿ ಸಂದಿತು.

2013ರ ಆಹಾರ ಭದ್ರತಾ ಕಾಯ್ದೆ ಪಡಿತರದಲ್ಲಿ ಸಿರಿಧಾನ್ಯಕ್ಕೂ ಜಾಗ ಮಾಡಿಕೊಟ್ಟಿದೆ. ನಮ್ಮ ಸರ್ಕಾರವೂ ರೈತರಿಂದ ರಾಗಿ, ಜೋಳ ಕೊಂಡು ಹಂಚುತ್ತದೆ. ಆದರೆ ಕಾಳು ಊರು ಬಿಟ್ಟು, ಗೋದಾಮು ಸುತ್ತಿ, ಮತ್ತೆ ಊರಿಗೆ ಬರುತ್ತದೆ. ಬೀದರ್, ಕಲಬುರಗಿಯ ಹಳ್ಳಿಹಳ್ಳಿಗಳಲ್ಲೂ ಮಹಿಳಾ ಸ್ವಸಹಾಯ ಸಂಘಗಳಿವೆ. ಉಳಿತಾಯ, ಸಾಲದ ಲೆಕ್ಕ ಅವರಿಗೆ ಕರಗತ. ಒಂದು ಹಂಗಾಮಿನ ಮಟ್ಟಿಗಾದರೂ ಅವರ ಕೈಗೆ ಊರಿನ ಜೋಳ ಕೊಟ್ಟು, ಹಂಚುವ ಪಟ್ಟಿಯನ್ನು ಅವರೇ ಗ್ರಾಮಸಭೆಯಲ್ಲಿ ಬರೆಯುವಂತೆ ಮಾಡಬೇಕು. ಇದಕ್ಕೆ ಹೊಸ ಇಲಾಖೆಯೇನೂ ಬೇಕಿಲ್ಲ.